ಖಾರದ ಖಾನಾವಳಿಯ ಸಪ್ಪನೆ ಡಬ್ಬಿ

೧೯೫೮ರಲ್ಲಿ ನಾನು ಶಾಲೆ ಬಿಟ್ಟೆ. ಆರನೆಯ ತರಗತಿ ಅರ್ಧಕ್ಕೆ ಬಂದಿತ್ತು. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಭಾಗ ಹೈದರಾಬಾದಿನಿಂದ ಕಳಚಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಅಲ್ಲಿಯತನಕ ಉರ್ದುವಿನಲ್ಲಿ ಬೈಯುತ್ತಿದ್ದ ಮಾಸ್ತರರು ಕನ್ನಡದಲ್ಲಿ ಬೈಯುವುದನ್ನು ಕಲಿಯುತ್ತಿದ್ದರು. ಅವರು ಕಲಿತು ಮುಗಿಸುವವರೆಗೆ ಕಾಯುವ ಪುರಸೊತ್ತು ನನಗಿರಲಿಲ್ಲ. ಚಿತ್ತಾಪುರದ ಶಾಲೆಯಿಂದ ನೇರವಾಗಿ ವಾಡಿ ಸ್ಟೇಶನ್ನಿನ ಎದುರಿಗಿದ್ದ ಕಾಕನ ಖಾನಾವಳಿಗೆ ಹೋಗಿ ತಾಟು ತೊಳೆಯಲು ಕುಳಿತೆ. ತಾಟು ತೊಳೆಯುತ್ತಿದ್ದವನು ಹಿಟ್ಟು ನಾದಿದೆ, ಹಿಟ್ಟು ನಾದುತ್ತಿದ್ದವನು ಒಲೆಯ ಮುಂದೆ ನಿಂತೆ, ಕಾಕ ತೀರಿಕೊಂಡ ಮೇಲೆ ಅವನ ಮಕ್ಕಳಿಗೆ ಬೇಡವಾಗಿದ್ದ ಖಾನಾವಳಿಯನ್ನು ನನ್ನದಾಗಿಸಿಕೊಂಡೆ. ನನ್ನ ಜೊತೆ ಓದಿ ಮ್ಯಾಟ್ರಿಕ್ ಮುಗಿಸಿದವರು ಈಗಲೂ ಬಂದು, "ಇನ್ನೊಂದು ರೊಟ್ಟಿ ಬರ್ಲಿ" ಎನ್ನುತ್ತಾರೆ. ವಿದ್ಯೆಯಿಂದ ಹಸಿವು ಹೆಚ್ಚುತ್ತದೆ ಎಂಬುದನ್ನು ನಾನು ಅವರಿಂದಲೇ ತಿಳಿದುಕೊಂಡೆ.

ಖಾನಾವಳಿಗೆ ಹೆಸರು ಬಂದದ್ದು ಖಾರದಿಂದ. ರೈಲಿನ ಡ್ರೈವರುಗಳು, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆಯುವ ಶಹಾಬಾದಿನ ಖಣಿಯವರು, ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿದವರು, ಎಲ್ಲರೂ ಮೂಗು ಒರೆಸಿಕೊಳ್ಳುತ್ತಲೇ ಹೊರಬೀಳಬೇಕು. ಯಾರಾದರೂ ಒಣ ಮೂಗಿನಿಂದ ಎದ್ದು ಹೋದರೆ ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಹಾಗೆ ಒಣ ಮೂಗಿನಿಂದ ದಿನವೂ ಏಳುತ್ತಿದ್ದವನು ಒಬ್ಬನೇ. ಅವನೇ ನನ್ನ ಗೆಳೆಯನಾದ. ಚಿಂಚೋಳಿ ತಾಲೂಕಿನ ಕೊಡ್ಲಿಯವನು. ಶಹಾಬಾದಿನ ಖಣಿಯಲ್ಲಿ ಮುಕಾದಮನಾಗಿ, ಕಲ್ಲು ಒಡೆಯುವವರ ಮೇಲೆ ಕೂಗಾಡುವುದು ಅವನ ಉದ್ಯೋಗ. ವಾಡಿಯಲ್ಲಿ ನನ್ನ ಖಾನಾವಳಿಗೆ ಎರಡು ಓಣಿ ಆಚೆ ಒಂದು ಖೋಲಿ ಹಿಡಿದಿದ್ದ. ಮದುವೆಯಾಗಿರಲಿಲ್ಲ. ಏಕೆಂದು ಕೇಳಿದರೆ, "ನಿನ್ನ ಕೈಯಾಗ ಉಂಡವಗ ಯಾರು ಹೆಣ್ಣು ಕೊಡ್ತಾರಲೇ" ಎನ್ನುತ್ತಿದ್ದ. ತಾಟಿನ ಮುಂದೆ ಕುಳಿತು ಮೊದಲ ತುತ್ತಿಗೇ, "ಯಾಕ, ಇವತ್ತು ಮೆಣಸಿನಕಾಯಿ ಊರಾಗ ಸಿಗ್ಲಿಲ್ಲೇನು?" ಎಂದು ನಾಲ್ಕು ಗಿರಾಕಿಗಳಿಗೆ ಕೇಳುವಂತೆ ಕೂಗುತ್ತಿದ್ದ. ನಾನು ಇನ್ನಷ್ಟು ಕೆಂಪು ಹಿಂಡಿ, ಅಂದರೆ ಖಾರದ ಚಟ್ನಿ, ತಂದು ಸುರಿಯುತ್ತಿದ್ದೆ. ಹೀಗೆ ಹನ್ನೆರಡು ವರ್ಷ ನಮ್ಮ ಸ್ನೇಹ ಬೆಳೆಯಿತು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಆಗ ಅವನ ಕೊರಳಿನಲ್ಲಿ ಒಂದು ಗಂಟು ಬಂತು. ನೋಯದ ಗಂಟು, ಆದ್ದರಿಂದ ಅದಕ್ಕೆ ಯಾರೂ ಮರ್ಯಾದೆ ಕೊಡಲಿಲ್ಲ. ಒಬ್ಬರು ಸುಣ್ಣ ಹಚ್ಚಿಸಿದರು, ಒಬ್ಬರು ದಾರ ಕಟ್ಟಿಸಿದರು, ಒಬ್ಬರು ಬಿಸಿ ಇಟ್ಟಂಗಿಯ ಶಾಖ ಕೊಡಿಸಿದರು. ಇಷ್ಟೆಲ್ಲ ಉಪಚಾರ ಕಂಡ ಗಂಟು ಸಂತೋಷದಿಂದ ಇನ್ನೆರಡು ಗಂಟುಗಳನ್ನು ಕರೆದುಕೊಂಡು ಬಂತು. ಕೊನೆಗೆ ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋದೆವು. ಗಂಟಿನ ಚೂರು ಕೊಯ್ದು ನೋಡಿ, ಕ್ಯಾನ್ಸರ್ ಎಂದರು.

ಡಾಕ್ಟರು ಮುದುಕರು, ಉರ್ದುವಿನಲ್ಲಿ ನಿಧಾನವಾಗಿ ಹೇಳಿದರು. ಸೂಜಿಯ ಔಷಧ ಇದೆ, ರಕ್ತನಾಳಕ್ಕೆ ಕೊಡುತ್ತೇವೆ, ತಿಂಗಳು ತಿಂಗಳು ಬರಬೇಕು, ಈ ಜಾತಿಯ ಗಂಟು ಅನೇಕರಲ್ಲಿ ಕರಗುತ್ತದೆ. ಆದರೆ ಔಷಧ ಜೋರಿನದು. ವಾಂತಿಯಾಗುತ್ತದೆ, ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ. ಆಗಲೂ ಉಣ್ಣಬೇಕು. ಪ್ರತಿ ಸಲ ತೂಗಿ ನೋಡುತ್ತೇವೆ. ಮೈ ಕರಗಿದ್ದರೆ ಸೂಜಿ ಮುಂದಕ್ಕೆ ಹಾಕಬೇಕಾಗುತ್ತದೆ. ಮುಂದಕ್ಕೆ ಹಾಕಿದಷ್ಟು ದಿನ ಗಂಟಿಗೆ ಹಬ್ಬ. "ಮಿರ್ಚಿ ಬಿಲ್ಕುಲ್ ಬಂದ್" ಎಂದು ಮೇಜು ತಟ್ಟಿದರು. ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳಿದಾಗ ಗೆಳೆಯ ನನ್ನತ್ತ ಗದ್ದ ಎತ್ತಿದ. ನಿಮ್ಮ ಖಾನಾವಳಿಯಲ್ಲಿ ಏನು ಪ್ರಸಿದ್ಧ ಎಂದು ಕೇಳಿದರು. ಸುಳ್ಳು ಹೇಳಿ ರೂಢಿಯಿಲ್ಲ. "ಮಿರ್ಚಿ" ಎಂದೆ. ಡಾಕ್ಟರು ಚಷ್ಮಾ ತೆಗೆದು ಬಹಳ ಹೊತ್ತು ಒರೆಸಿದರು.

ಸಪ್ಪನೆಯ ಅಡಿಗೆ ದೊಡ್ಡ ವಿದ್ಯೆಯೇನಲ್ಲ, ಹಾಕುವುದನ್ನು ಹಾಕದಿದ್ದರಾಯಿತು ಎಂದು ನಾನು ತಿಳಿದಿದ್ದೆ. ಮೊದಲನೆಯ ಸೂಜಿಯಾಗಿ ಬಂದ ವಾರದಲ್ಲಿ ಹೆಸರುಬೇಳೆ ನೆನೆಹಾಕಿ, ಬೇಗ ಅರಗಲಿ ಎಂದು ಒರಳಿನಲ್ಲಿ ನುಣ್ಣಗೆ ರುಬ್ಬಿ, ಗಂಜಿ ಮಾಡಿ ಡಬ್ಬಿಗೆ ತುಂಬಿಕೊಂಡು ಹೋದೆ. ಒಂದು ಚಮಚ ಬಾಯಿಗೆ ಹೋದದ್ದೇ ತಡ, ಗೆಳೆಯ ಎದ್ದು ನೀರಿನ ಗಡಿಗೆಗೆ ಮುಖ ಹಾಕಿದ.

"ಕೊಲ್ಲಲಿಕತ್ತೀ ಏನಲೇ ನನ್ನ?"

"ದೇವರಾಣಿ, ಒಂದು ಮೆಣಸಿನಕಾಯಿ ಮುಟ್ಟಿಲ್ಲ."

"ಹನ್ನೆರಡು ವರ್ಷ ಖಾರ ಹಾಕು ಅಂತ ಹೊಯ್ಕೊಂಡೆ, ಹಾಕಲಿಲ್ಲ. ಬ್ಯಾಡ ಅಂದಾಗ ಹಾಕ್ತಿ. ಚೊಲೊ ಮನಷ್ಯಾ ಇದ್ದಿ."

ಖಾನಾವಳಿಗೆ ಬಂದು ಹೆಂಡತಿಯ ಮುಂದೆ ಔಷಧಕ್ಕೆ, ಡಾಕ್ಟರಿಗೆ, ಅವನ ನಾಲಗೆಗೆ ಬೈದೆ. ಅವಳು ಒರಳಿನ ತಳವನ್ನು ಒದ್ದೆ ಬೆರಳಿನಿಂದ ತಿಕ್ಕಿ, ಆ ಬೆರಳನ್ನು ನನ್ನ ಬಾಯಿಗೆ ಹಿಡಿದಳು. ಬೆಂಕಿ.

"ಹದಿನೈದು ವರ್ಷ ಇದ್ರಾಗ ಕೆಂಪ ಖಾರ ಕುಟ್ಟೀರಿ. ಕಲ್ಲು ಕುಡಿಯಂಗಿಲ್ಲ ಅಂತ ತಿಳ್ದೀರೇನು? ನಿಮ್ಮ ಒರಳಾಗ ಹಾಲು ಹಾಕಿ ರುಬ್ಬಿದ್ರೂ ಚಟ್ನಿನೇ ಬರ್ತದ್ರಿ."

ಅದೇ ಒರಳನ್ನು ನಾನು ಹೊಸ ಗಿರಾಕಿಗಳಿಗೆ ಕರೆದು ತೋರಿಸುತ್ತಿದ್ದೆ. ಈಗ ಅದನ್ನು ಕುದಿನೀರಿನಿಂದ ತೊಳೆದೆ, ಬೂದಿ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಅದು ನನಗಿಂತ ಹಟಮಾರಿ. ಕಡೆಗೆ ಹೊಸ ಒರಳು ತರಿಸಿ, ಕಲ್ಲಿನ ಪುಡಿ ಬಿಡಲಿ ಎಂದು ತೌಡು ಹಾಕಿ ಹಾಕಿ ರುಬ್ಬಿ, ಖಾನಾವಳಿಯಿಂದ ದೂರ, ಮನೆಯ ಹಿತ್ತಲಿನಲ್ಲಿ ಇಟ್ಟೆವು. ಹೊಸ ಗಡಿಗೆ, ಹೊಸ ಸೌಟು, ಹೊಸ ಅರಿವೆ. ಖಾರದ ಕೈಯಿಂದ ಅವುಗಳನ್ನು ಮುಟ್ಟಬಾರದು ಎಂದು ಹೆಂಡತಿಯ ಹುಕುಂ ಆಯಿತು. ಖಾನಾವಳಿಯ ಮಾಲಕ ನಾನು. ಹಿತ್ತಲಿನಲ್ಲಿ ನನ್ನ ದರ್ಜೆ ಏನೆಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಇಷ್ಟಾದರೂ ಮುಗಿಯಲಿಲ್ಲ. ಎರಡನೆಯ ಸೂಜಿಯ ನಂತರ ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅವನು ವಾಂತಿ ಮಾಡತೊಡಗಿದ. ಡಬ್ಬಿಯ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ. ನಾತ ಬರುತ್ತಿದ್ದದ್ದು ನನ್ನ ಮೈಯಿಂದ. ಬೆಳಗಿನಿಂದ ಹಾಕಿದ ಒಗ್ಗರಣೆಯೆಲ್ಲ ಅಂಗಿಯಲ್ಲಿ ಕೂತಿತ್ತು. ಅಂದಿನಿಂದ ಡಬ್ಬಿ ಒಯ್ಯುವ ಮೊದಲು ಜಳಕ ಮಾಡಿ, ಒಗೆದ ಅಂಗಿ ತೊಟ್ಟು ಹೊರಡಬೇಕಾಯಿತು. ಗಿರಾಕಿಗಳು ಇದನ್ನು ಬಿಡುತ್ತಾರೆಯೇ?

"ಸಾವ್ಕಾರ್ರು ದಿನಾ ಎರಡೆರಡು ಸಲ ಜಳಕಾ ಮಾಡ್ಲಿಕತ್ಯಾರ. ಎರಡನೇ ಲಗ್ನದ ವಿಚಾರ ಏನರ ಅದ ಏನ್ರಿ?"

"ಹೌದು, ಹುಡುಗಿ ಬೋಳ ತಲಿಯಾಕಿ," ಎನ್ನುತ್ತಿದ್ದೆ. ಆ ಹೊತ್ತಿಗೆ ಗೆಳೆಯನ ಕೂದಲು ಪೂರ್ತಿ ಹೋಗಿತ್ತು.

ಮೆತ್ತಗೆ ಬೇಯಿಸಿದ ಅನ್ನಕ್ಕೆ ಮಜ್ಜಿಗೆ, ಹೆಸರುಬೇಳೆಯ ತಿಳಿ ಕಟ್ಟು, ರವೆಯ ಗಂಜಿ, ಹಾಲಿನಲ್ಲಿ ನೆನೆಸಿ ಕಿವುಚಿದ ರೊಟ್ಟಿ. ನಾನು ನನ್ನ ಕೈಯಾರೆ ಮಾಡಿ ಒಯ್ಯುತ್ತಿದ್ದೆ. ಅವನಿಗೆ ಎಲ್ಲವೂ ಒಂದೇ. "ಕಬ್ಬಿಣ ನೆಕ್ಕಿದಂಗ ಆಗ್ತದ" ಎನ್ನುತ್ತಿದ್ದ. ಡಬ್ಬಿಯನ್ನು ಅಲ್ಲಿ ಇಟ್ಟು ಹೋಗು, ಆಮೇಲೆ ನಿಧಾನವಾಗಿ ಉಣ್ಣುತ್ತೇನೆ ಎಂದು ನನ್ನನ್ನು ಕಳಿಸಿಬಿಡುತ್ತಿದ್ದ. ಸಂಜೆಗೆ ಡಬ್ಬಿ ಖಾಲಿಯಾಗಿ, ಸ್ವಚ್ಛವಾಗಿ ತೊಳೆದು ಇಟ್ಟಿರುತ್ತಿತ್ತು. ನಾನು ಮೀಸೆ ತಿರುವುತ್ತ ಮನೆಗೆ ಬರುತ್ತಿದ್ದೆ. ನಾನು ಕೈ ಹಾಕಿದರೆ ಸಪ್ಪನೆಯದೂ ಖಾಲಿಯಾಗುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದೆ.

ನೋಡಲು ಬರುವವರ ಸೇವೆ ಬೇರೆ ಇತ್ತು. ಹುಣ್ಣಾದ ಬಾಯಿಗೆ ಉರಿ ಹತ್ತಿಸುವ ಮೋಸಂಬಿಯನ್ನೇ ಹುಡುಕಿ ತರುತ್ತಿದ್ದರು. ಹಾಸಿಗೆಯ ಅಂಚಿಗೆ ಕುಳಿತು, ಇದೇ ರೋಗದಿಂದ ಸೇಡಂನಲ್ಲಿ ಯಾರು ಸತ್ತರು, ಚಿತ್ತಾಪುರದಲ್ಲಿ ಯಾರು ಸತ್ತರು ಎಂದು ಸವಿವರವಾಗಿ ಹೇಳಿ, "ನೀ ಏನೂ ಕಾಳಜಿ ಮಾಡಬ್ಯಾಡ" ಎಂದು ಎದ್ದು ಹೋಗುತ್ತಿದ್ದರು.

ಮೂರನೆಯ ಸೂಜಿಯ ಮುನ್ನ ಕೊಡ್ಲಿಯಿಂದ ಅವನ ಅಕ್ಕ ಬಂದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು. ಬಂದವಳೇ ನನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

"ಇದೇನು ತಮ್ಮಾ? ನಮ್ಮ ಹುಡುಗಗ ಇನ್ನಾ ಹಲ್ಲು ಬಂದಿಲ್ಲೇನು?"

"ಡಾಕ್ಟರು ಹೇಳ್ಯಾರಕ್ಕಾ. ಖಾರ ಬ್ಯಾಡ ಅಂದಾರ."

"ಡಾಕ್ಟರ ಏನು ಕೊಡ್ಲಿ ಊರಾಂವೇನು? ಖಾರ ಇಲ್ದ ತುತ್ತು ಗಂಟಲದಾಗ ಹ್ಯಾಂಗ ಇಳೀತದ? ಅದಕ್ಕ ಸೊರಗ್ಯಾನ ನೋಡು."

ನಮ್ಮ ಕಡೆಯವರ ವೈದ್ಯಶಾಸ್ತ್ರ ಇಷ್ಟೇ. ಊಟ ಸೇರುತ್ತಿಲ್ಲವೇ, ಖಾರ ಸಾಲದು. ನಾನು ಅತ್ತ ಹೋದ ಮೇಲೆ ತಮ್ಮ ಖಾರ ಕೇಳಿದನಂತೆ, ಅಕ್ಕ ತನ್ನ ಬುತ್ತಿಯಿಂದ ಖಾರದ ಶೇಂಗಾ ಹಿಂಡಿ ಬಿಚ್ಚಿದಳಂತೆ. ಇಬ್ಬರೂ ಕೂಡಿ ಅರ್ಧ ರೊಟ್ಟಿ ಹಬ್ಬ ಮಾಡಿದರು. ಮರುದಿನ ಅವನ ತುಟಿ, ನಾಲಗೆ, ಗಂಟಲು ಎಲ್ಲ ಹಸಿ ಗಾಯ. ಮೂರ್ನಾಲ್ಕು ದಿನ ನೀರು ಇಳಿಯುವುದೂ ಕಷ್ಟವಾಯಿತು. ಅಕ್ಕ ಮೂಲೆಯಲ್ಲಿ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಬೈಯಬೇಕೆಂದು ಹೋದವನು ಬೈಯಲಿಲ್ಲ. ಅದಕ್ಕಿಂತ ಖಾರದ ಹಿಂಡಿಯನ್ನು ಹನ್ನೆರಡು ವರ್ಷ ಅವನ ತಾಟಿಗೆ ಸುರಿದವನು ಯಾವ ಮುಖದಿಂದ ಬೈಯಲಿ?

ಸೂಜಿಯ ದಿನ ಬಂತು. ವಾಡಿಯಲ್ಲಿ ಗಾಡಿ ಹತ್ತಿದೆವು. ಚಿತ್ತಾಪುರ ದಾಟಿತು, ಮಳಖೇಡದ ಹತ್ತಿರ ಆದಿತ್ಯನಗರದ ಕಾರ್ಖಾನೆಯ ಹೊಗೆ ದಾಟಿತು, ಸೇಡಂ ಬಂತು. ಗೆಳೆಯ ಕಂಬದಂತೆ ನೆಟ್ಟಗೆ ಕುಳಿತಿದ್ದ. ಮಲಗು ಎಂದರೆ ಬೇಡವೆಂದ. ಹೊಟ್ಟೆ ಹಿಡಿದುಕೊಂಡೇ ಇದ್ದ. ನೋವಿರಬೇಕೆಂದುಕೊಂಡೆ.

ದವಾಖಾನೆಯಲ್ಲಿ ತೂಕದ ಕಾಟಾದ ಮೇಲೆ ನಿಂತ. ಮುಳ್ಳು ಹಿಂದಿನ ಸಲಕ್ಕಿಂತ ಮುಂದೆ ಹೋಗಿ ನಿಂತಿತು! ನರ್ಸಮ್ಮ ಶಾಭಾಸ್ ಎಂದಳು. ನಾನು ಎದೆಯುಬ್ಬಿಸಿ, ಎಲ್ಲ ನನ್ನ ಗಂಜಿಯ ಪ್ರಭಾವ ಎಂದು ಪಕ್ಕದ ರೋಗಿಯ ಮನೆಯವರಿಗೆ ಹೇಳಿದೆ. ಡಾಕ್ಟರು ಮಾತ್ರ ಗೆಳೆಯನ ಗುಳಿಬಿದ್ದ ಗಲ್ಲವನ್ನೂ ಕಾಟಾವನ್ನೂ ಎರಡೆರಡು ಸಲ ನೋಡಿದರು. ಹೊಟ್ಟೆ ಮುಟ್ಟಿ ನೋಡಬೇಕು, ಮಲಗು ಎಂದರು. ಇವನು ನಿಂತೇ ಇದ್ದ. ಭುಜ ಹಿಡಿದು ಮಲಗಿಸಿದರು. ಕಬ್ಬಿಣದ ಮಂಚಕ್ಕೆ ಏನೋ ಠಣ್ಣೆಂದು ಬಡಿಯಿತು.

ಅಂಗಿ ಎತ್ತಿದರೆ, ರುಮಾಲನ್ನು ಮಡಿಸಿ ಸೊಂಟಕ್ಕೆ ಕಟ್ಟಿದ್ದ. ಅದರೊಳಗೆ ಸಾಲಾಗಿ ಫರಸಿ ಕಲ್ಲಿನ ತುಂಡುಗಳು. ಶಹಾಬಾದಿನ ಅಸಲಿ ಮಾಲು, ಅಂಚು ಚುಚ್ಚದಂತೆ ನಯವಾಗಿ ಉಜ್ಜಿದ್ದು. ಕಣ್ಣಳತೆಯಿಂದ ಕಲ್ಲಿನ ತೂಕ ಹೇಳುವ ಮುಕಾದಮ ತನ್ನ ಕಸುಬನ್ನೆಲ್ಲ ಅದರಲ್ಲಿ ತೋರಿಸಿದ್ದ.

ನರ್ಸಮ್ಮ ಬಾಯಿಗೆ ಕೈ ಇಟ್ಟುಕೊಂಡು ಹೊರಗೆ ಓಡಿದಳು. ಡಾಕ್ಟರು ನಗಲಿಲ್ಲ. ಒಂದು ತುಂಡು ಕೈಯಲ್ಲಿ ಹಿಡಿದು ಹೇಳಿದರು: ನಿನಗೆ ಕೊಡುವ ಔಷಧವನ್ನು ನಿನ್ನ ಮೈ ಅಳೆದು, ತೂಕ ನೋಡಿ ಲೆಕ್ಕ ಹಾಕುತ್ತೇವೆ. ಇವತ್ತು ಈ ಕಲ್ಲಿನ ಪಾಲಿನ ವಿಷವನ್ನೂ ನಿನ್ನ ನರಕ್ಕೇ ಏರಿಸುತ್ತಿದ್ದೆವು. ಕಲ್ಲು ತಡೆದುಕೊಳ್ಳುತ್ತದೆ, ನೀನು ತಡೆದುಕೊಳ್ಳುವುದಿಲ್ಲ.

ಕಲ್ಲು ಬಿಚ್ಚಿ ತೂಗಿದರು. ಮುಳ್ಳು ನಾಚಿಕೆಯಿಂದ ಹಿಂದೆ ಬಂತು. ಸೂಜಿ ಕೊಡಲಿಲ್ಲ. ಹದಿನೈದು ದಿನ ಬಿಟ್ಟು ಬಾ, ಬರುವಾಗ ಮೈಮೇಲಿನ ಮಾಂಸವನ್ನಷ್ಟೇ ತಾ ಎಂದು ಕಳಿಸಿದರು. ಕೊರಳಿನ ಗಂಟು ಕರಗುವ ಹಾದಿಯಲ್ಲಿತ್ತು, ಅರ್ಧಕ್ಕೆ ಬಿಟ್ಟರೆ ಮತ್ತೆ ಏಳುತ್ತದೆ ಎಂದೂ ನನ್ನನ್ನು ಬೇರೆ ಕರೆದು ಹೇಳಿದರು.

ತಿರುಗಿ ಬರಲು ಗಾಡಿ ಹತ್ತಿದೆವು. ತಾಂಡೂರು ದಾಟಿದ ಮೇಲೆ ಅವನೇ ಬಾಯಿ ಬಿಟ್ಟ.

"ಡಬ್ಬಿ ನಾ ಉಣ್ತಿರಲಿಲ್ಲಲೇ. ಒಂದೆರಡು ಚಮಚ, ಅಷ್ಟ. ಉಳದದ್ದು ಕಿಡಕಿ ಹೊರಗ ಹಾಕ್ತಿದ್ದೆ."

ಅವನ ಖೋಲಿಯ ಕಿಟಕಿಯ ಕೆಳಗೆ ಮಲಗುತ್ತಿದ್ದ ಕೆಂದ ನಾಯಿ ಆ ಎರಡು ತಿಂಗಳಲ್ಲಿ ಪೈಲ್ವಾನನಂತಾದದ್ದು ಏಕೆಂದು ಆಗ ತಿಳಿಯಿತು. ನನ್ನ ಕೈ ಸೋತಿರಲಿಲ್ಲ, ಹೊಟ್ಟೆ ಬೇರೆಯದಾಗಿತ್ತು.

"ಹೇಳಲಿಕ್ಕೆ ಏನಾಗಿತ್ತು ನಿಂಗ?"

"ದಿನಾ ಜಳಕಾ ಮಾಡಿ, ಒಗದ ಅಂಗಿ ಹಾಕ್ಕೊಂಡು, ಪೂಜಾರಿ ಬಂದಂಗ ಬರ್ತಿದ್ದಿ. ಹ್ಯಾಂಗ ಹೇಳ್ಲಿ? ತೂಕ ಇಳದದ ಅಂದ್ರ ನಿನ್ನ ಖಾನಾವಳಿ ಮಾನ ಹೋಗ್ತದ ಅನಸ್ತು. ಸೂಜಿ ನಿಂತ್ರ ಸಾಯ್ತೀನಿ ಅಂತ ಅಂಜಿಕಿನೂ ಆಯ್ತು."

ಇಷ್ಟು ವರ್ಷ ಮಾನ ಕಾಪಾಡಿಕೊಂಡು ಬಂದ ಖಾನಾವಳಿ! ಅದಕ್ಕಾಗಿ ಒಬ್ಬ ಗಿರಾಕಿ ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ವಿಷ ಏರಿಸಿಕೊಳ್ಳಲು ಹೊರಟಿದ್ದ. ಇಂಥ ಕೀರ್ತಿ ಯಾವ ದೊಡ್ಡ ಹೋಟೆಲಿಗೂ ಬಂದಿರಲಿಕ್ಕಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ, ಕಣ್ಣಿಗೆ ಎಂಜಿನ್ನಿನ ಕಿಡಿ ಬಿತ್ತು ಎಂದೆ. ಅವನು ಅದನ್ನೂ ಬಿಡಲಿಲ್ಲ. "ಹೌದು ಬಿಡು, ಕಿಡಿ ಎರಡೂ ಕಣ್ಣಿಗೆ ಒಮ್ಮೆಲೆ ಬಿದ್ದದ" ಎಂದ.

ಅವನ ಖೋಲಿಗೆ ಬಂದ ಮೇಲೆ ಮೊದಲ ಸಲ ಅವನನ್ನು ಕೇಳಿದೆ, ಏನು ಇಳಿಯುತ್ತದೆ ಹೇಳು ಎಂದು. ಖಾನಾವಳಿ ನಡೆಸುವವನು ಗಿರಾಕಿಗೆ ಮೊಟ್ಟಮೊದಲು ಕೇಳುವ ಮಾತು ಅದು. ರೋಗಿ ಎಂದ ಕೂಡಲೇ ನನಗೆ ಅದು ಬೇಕೆನಿಸಿರಲಿಲ್ಲ. ಅವನಿಗೆ ಏನೂ ಹೊಳೆಯಲಿಲ್ಲ. ಮೂಲೆಯಲ್ಲಿದ್ದ ಅಕ್ಕ ಮೆಲ್ಲಗೆ ಹೇಳಿದಳು.

"ಸಣ್ಣಾಂವ ಇದ್ದಾಗ ಜ್ವರ ಬಂದ್ರ ಕುಸುಬಿ ಹಾಲು ಅಷ್ಟ ಕುಡೀತಿದ್ದ. ಬ್ಯಾರೆ ಏನು ಕೊಟ್ರೂ ಉಗುಳ್ತಿದ್ದ."

ಕುಸುಬೆ ನಮ್ಮ ಹೊಲಗಳಲ್ಲಿ ಜೋಳದ ಸಾಲಿನ ನಡುವೆ ಮುಳ್ಳು ಮುಳ್ಳಾಗಿ ಬೆಳೆಯುವ ಎಣ್ಣೆಕಾಳು. ಕಾಳು ನೆನೆಹಾಕಿ, ಕುಟ್ಟಿ, ಹಿಂಡಿದರೆ ಬಿಳಿ ಹಾಲು ಬರುತ್ತದೆ. ಹಳ್ಳಿಯ ಮನೆಯ ಅಡಿಗೆ ಎಂದು ನಾನದನ್ನು ಖಾನಾವಳಿಯ ಹೊಸಲು ದಾಟಿಸಿರಲಿಲ್ಲ.

ಮರುದಿನದಿಂದ ಹಿತ್ತಲಿನ ಹೊಸ ಒರಳಿನ ಮುಂದೆ ಅಕ್ಕ ಕುಳಿತಳು. ಖಾರದ ಕೈಯೇನೋ ಎಂದು ಅವಳ ಕೈಗಳನ್ನು ಹೆಂಡತಿ ಮೊದಲು ಮೂಸಿ ನೋಡಿದಳು. ಅಕ್ಕ ಕಾಳು ಕುಟ್ಟಿ ಹಿಂಡುವುದು, ನಾನು ಸೋಸುವುದು. ಸಿಪ್ಪೆಯ ಒಂದು ಎಳೆ ಉಳಿದರೂ ಹುಣ್ಣಿಗೆ ಗೀರುತ್ತದೆ. ಆದ್ದರಿಂದ ಎರಡು ಮಡಿಕೆ ಅರಿವೆಯಲ್ಲಿ ಸೋಸಿ, ಮತ್ತೆ ಸೋಸಬೇಕು. ಜೋಳದ ನುಚ್ಚನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ, ಆಮೇಲೆ ಹಾಲು ಬೆರೆಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಒಮ್ಮೆ ನಾನು ಅಭ್ಯಾಸಬಲದಿಂದ ಉರಿ ಏರಿಸಿದೆ. ಹಾಲು ಒಡೆದು ಮೊಸರಿನ ಗಡ್ಡೆಯಂತಾಯಿತು.

"ಏ ತಮ್ಮಾ, ಬಂಡಿ ಹೊಡೀಲಿಕತ್ತೀ ಏನು? ಯಾರು ನಿನ್ನ ಬೆನ್ನ ಹತ್ತ್ಯಾರ?"

"ನಾಕ ಮಂದಿ ಅಡಿಗಿಯವರಿಗೆ ಕಲ್ಸೀನಕ್ಕಾ ನಾ."

"ಅದಕ್ಕ ಅವರಿಗೂ ಬರಂಗಿಲ್ಲ."

ಚೂರು ಬೆಲ್ಲ ಹಾಕಿ, ಪೂರ್ತಿ ಆರಿಸಿ, ಸಣ್ಣ ಬಟ್ಟಲಲ್ಲಿ ಒಯ್ಯುತ್ತಿದ್ದೆವು. ತುಂಬಿದ ಡಬ್ಬಿ ನೋಡಿದರೇ ಅವನಿಗೆ ಹೊಟ್ಟೆ ತೊಳೆಸುತ್ತಿತ್ತು. ಅರ್ಧ ಬಟ್ಟಲಾದರೆ ಅಂಜುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅರ್ಧ. ಇಟ್ಟು ಬರುವ ರೂಢಿ ನಿಂತಿತು. ನಾನು ಕಿಟಕಿಗೆ ಬೆನ್ನು ಕೊಟ್ಟು, ಅವನು ಮುಗಿಸುವತನಕ ಅಲ್ಲೇ ಕುಳಿತಿರುತ್ತಿದ್ದೆ. ಮಧ್ಯಾಹ್ನದ ಗಿರಾಕಿಗಳನ್ನು ಹೆಂಡತಿ ಸಂಭಾಳಿಸುತ್ತಿದ್ದಳು. ನಾನಿಲ್ಲದಿದ್ದರೆ ಖಾನಾವಳಿ ಒಂದು ತಾಸೂ ನಡೆಯುವುದಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೆ. ಅದು ಮೊದಲಿಗಿಂತ ಚೆನ್ನಾಗಿ ನಡೆಯಿತು. ಇತ್ತ ನಾಯಿ ದಿನದಿನಕ್ಕೆ ಇಳಿಯತೊಡಗಿತು. ಗೆಳೆಯನ ಪ್ರಗತಿ ತಿಳಿಯಲು ನನಗೆ ಬೇರೆ ಕಾಟಾ ಬೇಕಾಗಲಿಲ್ಲ.

ಹದಿನೈದು ದಿನದ ಮೇಲೆ ಮತ್ತೆ ಹೈದರಾಬಾದು. ಡಾಕ್ಟರು ಮೊದಲು, "ಕುರ್ತಾ ಉಠಾವ್" ಎಂದು ಸೊಂಟ ತಟ್ಟಿ ನೋಡಿ, ಜೇಬು ತಡಕಿ, ಚಪ್ಪಲಿ ಬಿಡಿಸಿ, ಆಮೇಲೆ ಕಾಟಾ ಹತ್ತಿಸಿದರು. ನಾನು ಬಗ್ಗಿ ಮುಳ್ಳನ್ನೇ ನೋಡಿದೆ. ಅದು ಕಲ್ಲು ಬಿಚ್ಚಿದ ದಿನದ ತೂಕಕ್ಕಿಂತ ಮೇಲೆ ನಿಂತಿತು. ಬಹಳ ಮೇಲಲ್ಲ. ಮುದುಕರು ರಕ್ತದ ವರದಿ ನೋಡಿದರು, ಮುಖ ನೋಡಿದರು. "ಚಲೇಗಾ" ಎಂದರು. ಸೂಜಿ ಹಾಕಿದರು.

ಬರುವಾಗ ದಾರಿಯುದ್ದಕ್ಕೂ ವಾಂತಿ. ಸೇಡಂ ಸ್ಟೇಶನ್ನಿನಲ್ಲಿ ಗಾಡಿ ನಿಂತಾಗ ಸ್ವಲ್ಪ ಸಾವರಿಸಿಕೊಂಡು, ಬಟ್ಟಲು ಕೇಳಿ, ಎರಡು ಗುಟುಕು ಕುಡಿದು ಮುಖ ಕಿವುಚಿದ.

"ಬೆಲ್ಲ ಭಾಳ ಆಗ್ಯದ. ಇದಕ್ಕ ಯಾರರ ರೊಕ್ಕ ಕೊಡ್ತಾರೇನಲೇ?"

ಅವನು ಗಿರಾಕಿಯ ಗತ್ತಿನಲ್ಲಿ ನನ್ನ ಅಡಿಗೆಗೆ ಹೆಸರಿಟ್ಟು, ತಪ್ಪು ತೆಗೆದು ತಿಂಗಳುಗಳಾಗಿದ್ದವು. ತಪ್ಪು ತೆಗೆಯುವಷ್ಟು ಜೀವವೇ ಇರಲಿಲ್ಲ. ಎದುರಿಗೆ ಕುಳಿತಿದ್ದ ಪ್ರಯಾಣಿಕರಿಗೆ ನಾನು, "ಕೇಳಿದ್ರೇನ್ರಿ, ಬೆಲ್ಲ ಭಾಳ ಆಗ್ಯದಂತ" ಎಂದು ಹೇಳಿ ನಕ್ಕೆ. ಅವರು ತಮ್ಮ ಗಂಟುಮೂಟೆ ಸ್ವಲ್ಪ ಆಚೆ ಸರಿಸಿಕೊಂಡು ಕುಳಿತರು.

ಉಳಿದ ಸೂಜಿಗಳು ಒಂದೂ ತಪ್ಪಲಿಲ್ಲ. ಅಕ್ಕ ಸೀಗಿ ಹುಣ್ಣಿಮೆಯ ಹಬ್ಬಕ್ಕೆ ಕೊಡ್ಲಿಗೆ ಹೋಗಿ, ಮೂಟೆ ಕುಸುಬೆ ಹೊರಿಸಿಕೊಂಡು ಮತ್ತೆ ಬಂದಳು. ಗಂಟುಗಳು ಕರಗಿದವು. ತಲೆಯ ಮೇಲೆ ಮೊದಲಿಗಿಂತ ದಟ್ಟವಾದ, ಗುಂಗುರು ಕೂದಲು ಬಂತು; ಆ ಔಷಧ ನನಗೂ ಕೊಡಿಸು ಎಂದು ಬೋಳು ತಲೆಯ ಗಿರಾಕಿಯೊಬ್ಬ ಕೇಳಿದ. ಡಾಕ್ಟರು ಪೂರ್ತಿ ವಾಸಿಯಾಯಿತು ಎಂದು ಮಾತು ಕೊಟ್ಟಿಲ್ಲ. ಆರು ತಿಂಗಳಿಗೊಮ್ಮೆ ಕೊರಳು ಮುಟ್ಟಿ ನೋಡುತ್ತಾರೆ, ಇಲ್ಲಿಯವರೆಗೆ ಏನೂ ಸಿಕ್ಕಿಲ್ಲ ಎನ್ನುತ್ತಾರೆ. ನಾವು ಗಾಡಿ ಹತ್ತಿ ಮನೆಗೆ ಬರುತ್ತೇವೆ. ಖಣಿಯ ಕೆಲಸ ಅವನಿಂದ ಆಗುವುದಿಲ್ಲ. ಈಗ ನನ್ನ ರೊಕ್ಕದ ಗಲ್ಲೆಯ ಮೇಲೆ ಕುಳಿತು ನನ್ನ ಕೆಲಸದವರ ಮೇಲೆ ಕೂಗಾಡುತ್ತಾನೆ.

ಈಗ ನನಗಿರುವುದು ಇಷ್ಟು. ವಾಡಿಯಲ್ಲಿ ಖಾನಾವಳಿ ಒಂದು, ಮೇಜು ಎಂಟು, ಕೆಲಸದವರು ಐದು ಮಂದಿ, ಸೇಡಂ ಕಡೆಯ ಮುಧೋಳದ ಹತ್ತಿರ ತೊಗರಿಯ ಹೊಲ ಮೂರು ಎಕರೆ, ಹೆಂಡತಿ ಒಬ್ಬಳು, ಮಕ್ಕಳು ಇಬ್ಬರು, ಗೆಳೆಯ ಒಬ್ಬ.